ಹಿಮ್ಮೇಳಕ್ಕೆ ಬಿಟ್ಟ ಜಾಗ

ನನಗೆ ಕಾಯಲು ಬರುವುದಿಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ಹತ್ತು ನಿಮಿಷ ತಡವಾದರೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಾಡಿ, ಕೊನೆಗೆ ಕಂಟ್ರೋಲರ್ ಕಿಟಕಿಯ ಮುಂದೆ ನಿಂತು ಜಗಳ ತೆಗೆಯುತ್ತೇನೆ. ನಾನು ಕಲಿಸುವ ಶಾಲೆಯಲ್ಲಿ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತ ತಲೆ ಕೆರೆದುಕೊಂಡರೆ ಸಾಕು, ಚಾಕ್‌ಪೀಸು ಕಸಿದುಕೊಂಡು ನಾನೇ ಬಿಡಿಸಿ ಮುಗಿಸುತ್ತೇನೆ. "ಕುರಿ ಕಾಯೋರ ಮನ್ಯಾಗ ಹುಟ್ಟಿ ನಿನಗ ಕಾಯಾಕ ಬರೂದಿಲ್ಲಲ್ಲವಾ!" ಎಂದು ಅಪ್ಪ ನಗುತ್ತಿದ್ದ. ನಾನೂ ನಗುತ್ತಿದ್ದೆ. ಅದನ್ನು ನಾನು ಚುರುಕುತನ ಅಂದುಕೊಂಡಿದ್ದೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಮ್ಮ ಮನೆಯ ಕಪಾಟಿನಲ್ಲಿ ಒಂದು ಎಂಪಿತ್ರೀ ಪ್ಲೇಯರ್ ಇದೆ. ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ, ಎದುರಿಗೆ ಹೆಬ್ಬೆರಳಿನಗಲದ ಪರದೆ, ಕೆಳಗೆ ನಾಲ್ಕು ಗುಂಡಿ. ಮೂರು ಗುಂಡಿಗಳ ಮೇಲಿನ ಗುರುತು ಇನ್ನೂ ಹೊಸದರಂತಿದೆ. ಮುಂದಿನ ಹಾಡಿಗೆ ಹಾರುವ ಗುಂಡಿಯ ಗುರುತು ಮಾತ್ರ ಸವೆದು ಬೋಳಾಗಿದೆ. ಯಾವ ಹಾಡನ್ನೂ ನಾನು ಪೂರ್ತಿ ಕೇಳಿದವಳಲ್ಲ, ಪಲ್ಲವಿ ಮುಗಿಯುವುದರೊಳಗೆ ಬೆರಳು ಅಲ್ಲಿಗೆ ಹೋಗಿರುತ್ತದೆ. ಆದರೆ ಅದನ್ನು ಕೊಂಡದ್ದು ಹಾಡು ಕೇಳುವುದಕ್ಕಲ್ಲ. ಅಪ್ಪನ ದನಿ ಹಿಡಿದಿಡುವುದಕ್ಕೆ.

ಅಪ್ಪ ಡೊಳ್ಳಿನ ಪದದ ಹಾಡುಗಾರ. ಹುನಗುಂದ ತಾಲೂಕಿನ ಮರೋಳದ ಆಚೆಗೆ ನಮ್ಮೂರು. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಬಲಗಿವಿಗೆ ಕೈ ಒತ್ತಿಕೊಂಡು ಅಪ್ಪ ಒಂದು ಸಾಲು ಎತ್ತಿದರೆ, ಹಿಮ್ಮೇಳದವರು ಆ ಸಾಲಿನ ಬಾಲ ಹಿಡಿದು ಎರಡು ಸಲ ಹೊರಳಿಸಿ ಹಾಡುತ್ತಿದ್ದರು. ಅಷ್ಟು ಹೊತ್ತು ಅಪ್ಪ ಸುಮ್ಮನೆ ಕಣ್ಣು ಮುಚ್ಚಿ ತಲೆಯಾಡಿಸುತ್ತ ನಿಲ್ಲುತ್ತಿದ್ದ. ಚಿಕ್ಕವಳಿದ್ದಾಗ ನನಗೆ ಅದೇ ಬೇಸರದ ಭಾಗ. ಪದದೊಳಗಿನ ಕುರಿಮರಿಯ ಕಥೆ ಮುಂದೇನಾಯಿತು ಎಂದು ಕಾದು ಕೂತಿದ್ದರೆ ಇವರು ಹೇಳಿದ್ದನ್ನೇ ಹೇಳುತ್ತಾರಲ್ಲ ಎಂದು ಸಿಟ್ಟು ಬರುತ್ತಿತ್ತು. ಹಿಮ್ಮೇಳದಲ್ಲಿ ಅಪ್ಪನ ಬಲಗೈಯಂತಿದ್ದವನು ಒಬ್ಬ ಗೆಳೆಯ. ನನಗೆ ಕಾಕಾ. ಮೇಳದ ಉಳಿದವರೆಲ್ಲ ಒಬ್ಬೊಬ್ಬರಾಗಿ ಹೋಗಿ ಕೊನೆಗೆ ಉಳಿದವರು ಇವರಿಬ್ಬರೇ. ಕಾಕಾ ಮಗಳ ಊರಾದ ಚೊಳಚಗುಡ್ಡಕ್ಕೆ, ಬದಾಮಿಯ ಕಡೆಗೆ, ಕುರಿ ಹೊಡೆದುಕೊಂಡು ಹೋಗಿ ಅಲ್ಲಿಯೇ ನೆಲೆಸಿದ್ದ.

ಕೆಲವು ವರ್ಷಗಳ ಹಿಂದೆ ಅಪ್ಪನ ದನಿ ಒಡೆಯತೊಡಗಿತು. ನೆಗಡಿ ಇರಬೇಕೆಂದು ಕಷಾಯ ಕುಡಿಸಿದೆವು. ಆರು ತಿಂಗಳು ಕಳೆದರೂ ಗಂಟಲು ಸರಿಹೋಗದಿದ್ದಾಗ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಗಂಟಲೊಳಗೆ ಕೆಟ್ಟ ಗಂಟು ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ ಆದರೆ ಮಾತು ಹೋಗುತ್ತದೆ ಎಂದು ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಮಾತು ಹೋದ್ರ ಹೋಗ್ಲಿ ಬಿಡ್ರಿ ಸಾಹೇಬ್ರ. ಪದಾ ಹಾಡಾಕ ಬರ್ತೈತಲ್ರಿ?" ಎಂದ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವತ್ತು ಬುಧವಾರ. ಆಪರೇಷನ್ ಬರುವ ಸೋಮವಾರ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಪ್ಪನಿಗೆ ಅರ್ಥವಾಗಿತ್ತು. ಬಹಳ ಹೊತ್ತು ಮಾತಾಡಲಿಲ್ಲ. ನನಗೋ ಅವನ ಮೌನವನ್ನು ಸಹಿಸುವ ತಾಳ್ಮೆಯೂ ಇರಲಿಲ್ಲ. ಥಟ್ಟನೆ, "ಯಪ್ಪಾ, ನಿನ್ನ ಪದಾ ರೆಕಾರ್ಡ್ ಮಾಡೂಣು" ಅಂದುಬಿಟ್ಟೆ. ಅವನ ಮುಖ ಅರಳಿತು. ಅವನೇ ಕಟ್ಟಿದ ಪದ ಒಂದಿತ್ತು, ಹೊಳೆ ದಾಟಿ ತಾಯಿಯಿಂದ ಅಗಲಿದ ಕುರಿಮರಿಯದು. ಅದರ ಸಾಲುಗಳನ್ನು ಅವನೇ ಎತ್ತಿ ಹಾಡಬೇಕಿತ್ತೇ ಹೊರತು ಬೇರೆ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ.

"ಆ ಪದಕ್ಕ ಹಿಮ್ಮೇಳ ಬೇಕವಾ," ಎಂದ ಅಪ್ಪ. "ಚೊಳಚಗುಡ್ಡಕ್ಕ ಹೋಗಿ ಅಂವನ್ನ ಕರಕೊಂಡ ಬಾ."

ಮರುದಿನವೇ ಶಾಲೆಗೆ ರಜೆ ಹಾಕಿ ಹೊರಟೆ. ಬದಾಮಿಯಲ್ಲಿ ಬಸ್ಸಿಳಿದು, ಟಂಟಂ ಆಟೊ ಹಿಡಿದು ಚೊಳಚಗುಡ್ಡ ತಲುಪಿದಾಗ ಹನ್ನೊಂದು ಗಂಟೆ. ಕಾಕಾ ಮನೆಯಲ್ಲಿರಲಿಲ್ಲ. ಕುರಿಗಳ ಹಿಂದೆ ಗುಡ್ಡಕ್ಕೆ ಹೋಗಿದ್ದ. ಅವನ ಹತ್ತಿರ ಫೋನೂ ಇರಲಿಲ್ಲ.

"ಹೊತ್ತು ಮುಣಗೂದ್ರಾಗ ಬರ್ತಾರವಾ," ಎಂದು ಕಾಕಿ ಚಹಾ ಇಟ್ಟರು. "ಉಂಡು ಒಂದೀಟು ಅಡ್ಡಾಗು. ಏನ ಅವಸರ ಐತಿ?"

ಹೊತ್ತು ಮುಳುಗುವವರೆಗೆ! ಚಹಾ ಕುಡಿದೆ. ಬಾಗಿಲಿಗೆ ಬಂದು ಗುಡ್ಡದ ಕಡೆ ನೋಡಿದೆ. ಒಳಗೆ ಹೋದೆ. ಮತ್ತೆ ಬಂದು ನೋಡಿದೆ. ಒಂದು ತಾಸೂ ಆಗಿರಲಿಲ್ಲ, ನನ್ನ ಕಾಲಿಗೆ ಇರುವೆ ಹತ್ತಿದಂತಾಗಿತ್ತು. ನಾಳೆ ರೆಕಾರ್ಡ್ ಮಾಡುವ ಯಂತ್ರ ಹುಡುಕಬೇಕು, ದವಾಖಾನೆಯ ಕಾಗದಪತ್ರ ಜೋಡಿಸಬೇಕು. ಹಿಮ್ಮೇಳವೇನು ಮಹಾ, ಹೇಳಿದ್ದನ್ನೇ ತಿರುಗಿ ಹೇಳುವುದಲ್ಲವೇ? ಬೇಕಾದ್ದು ಅಪ್ಪನ ದನಿ. ಹಾಗಂದುಕೊಂಡು ಎದ್ದೆ. "ಅಪ್ಪಂದು ಸೋಮವಾರ ಆಪರೇಷನ್ ಐತಿ ಅಂತ ಹೇಳ್ರಿ ಕಾಕಿ" ಎಂದಷ್ಟೇ ಹೇಳಿ ಬಂದೆ. ಪದ ಹಾಡುವ ಮಾತನ್ನೇ ತೆಗೆಯಲಿಲ್ಲ. ಕಾಕಾ ಸಂಜೆ ಬಂದಿದ್ದಾನೆ, ಸುದ್ದಿ ಕೇಳಿದ್ದಾನೆ, ಆಪರೇಷನ್ ಆದ ಮೇಲೆ ನೋಡಲು ಹೋದರಾಯಿತು ಎಂದುಕೊಂಡಿದ್ದಾನೆ. ಅವನದೇನು ತಪ್ಪು?

ಮನೆಗೆ ಬಂದು, ಊರಿಗೆ ಮರಳಿದ್ದ ಅಪ್ಪನಿಗೆ ಫೋನು ಮಾಡಿ, "ಕಾಕಾ ಸಿಗಲಿಲ್ಲ" ಅಂದೆ. ಅದು ಸುಳ್ಳೇನಲ್ಲ. ನಿಜವೂ ಅಲ್ಲ.

ಶುಕ್ರವಾರ ಊರಿಗೆ ಹೋಗುವ ದಾರಿಯಲ್ಲಿ ಯಂತ್ರದ ಬೇಟೆ. ಆಗ ನನ್ನ ಫೋನು ಗುಂಡಿ ಒತ್ತುವಂಥದ್ದು, ಅದರಲ್ಲಿ ದನಿ ಹಿಡಿದರೆ ಡಬ್ಬಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ಹುನಗುಂದದ ಅಂಗಡಿಯಲ್ಲಿ ಕುರಿಗಾಹಿಗಳು ಕೊರಳಿಗೆ ನೇತುಹಾಕಿಕೊಳ್ಳುವ ಸ್ಪೀಕರ್ ಡಬ್ಬಿಗಳಿದ್ದವು, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಬೋರ್ಡೂ ಇತ್ತು, ರೆಕಾರ್ಡ್ ಮಾಡುವಂಥದ್ದು ಮಾತ್ರ ಇರಲಿಲ್ಲ. ಇಳಕಲ್ಲಿಗೆ ಹೋಗಿ ಎಂದರು. ಇಳಕಲ್ಲಿನಲ್ಲಿ ಸೀರೆ ಅಂಗಡಿಗಳ ಸಾಲಿನ ಕೊನೆಗೆ ಒಂದು ಮೊಬೈಲ್ ಅಂಗಡಿ ಸಿಕ್ಕಿತು. ಅಂಗಡಿಯಾತ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ನಿಧಾನದ ಮನುಷ್ಯ. ಯಂತ್ರವನ್ನು ಡಬ್ಬಿಯಿಂದ ತೆಗೆದು ಬಟ್ಟೆಯಿಂದ ಒರೆಸಿ ಕೈಗಿಟ್ಟ.

"ಇದು ಹೋಲ್ಡ್ ಅಂತ ಅಕ್ಕಾರ. ಹಿಂಗ ಸರಿಸಿದ್ರ ಪರ್ಸಿನ್ಯಾಗ ಗುಂಡಿ ತಾನ ಒತ್ತೂದಿಲ್ಲ. ಇದು ಶಫಲ್, ಹಾಡು ಸಾಲು ಬಿಟ್ಟು ಹೆಂಗ ಬೇಕಾದಂಗ ಬರ್ತಾವ. ಇದು ಎ-ಬಿ. ಹಾಡಿನ್ಯಾಗ ಇಲ್ಲಿಂದ ಇಲ್ಲಿ ತನಕ ಅಂತ ಗುರ್ತು ಹಾಕಿದ್ರ, ಅಷ್ಟ ತಿರುಗಿ ತಿರುಗಿ ಬರ್ತೈತಿ. ಇದು ಈಕ್ವಲೈಜರ್. ರಾಕ್, ಪಾಪ್, ಜಾಝ್, ಕ್ಲಾಸಿಕಲ್…"

"ಡೊಳ್ಳಿನ ಪದಕ್ಕ ಯಾವುದ್ರಿ?"

ಅವನು ನಕ್ಕ. "ಅದಕ್ಕ ನಾರ್ಮಲ್ ಇಡ್ರಿ. ಹಾಂ, ರೆಕಾರ್ಡಿನ್ಯಾಗ ಒಂದೆರಡು ಸೆಟ್ಟಿಂಗ್ ಅದಾವ, ಅವನ್ನ ಸರಿಯಾಗಿ ತಿಳ್ಕೋಬೇಕು. ಒಂದೀಟು ತಡೀರಿ, ತೋರಸ್ತೇನಿ…"

ಅಷ್ಟರಲ್ಲಿ ಯಾರದೋ ಫೋನು ಬಂದು ಅವನು ಅದನ್ನೆತ್ತಿಕೊಂಡ. ನಾನು ಒಂದು ನಿಮಿಷ ನಿಂತೆ. ಎರಡು ನಿಮಿಷ ನಿಂತೆ. "ಬುಕ್ ಐತಲ್ರಿ, ನಾ ಓದ್ಕೋತೇನಿ" ಎಂದು ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟೆ. ಅವನು ಫೋನಿನ ಬಾಯಿ ಮುಚ್ಚಿಕೊಂಡು "ಅಕ್ಕಾರ, ಅಕ್ಕಾರ" ಎಂದು ಕೂಗಿದ್ದು ಕೇಳಿಸಿತ್ತು.

ಬುಕ್ ಓದಲಿಲ್ಲ. ಹೊದಿಕೆಯ ಮೇಲೇ ಇರುವೆಯಂಥ ಅಕ್ಷರ, ಬಸ್ಸಿನ ಕುಲುಕಾಟ. ಮೆನು ಒತ್ತುತ್ತ ಹೋದಾಗ ರೆಕಾರ್ಡಿನ ಕೆಳಗೆ ಒಂದು ಸಾಲು ಕಂಡಿತು: ವಾಯ್ಸ್ ಆ್ಯಕ್ಟಿವೇಟ್. ಆನ್ ಮಾಡಬೇಕೋ ಆಫ್ ಮಾಡಬೇಕೋ? ವಾಯ್ಸ್ ಅಂದರೆ ದನಿ. ಅಪ್ಪನ ದನಿ ತಾನೇ ನನಗೆ ಬೇಕಾದ್ದು? ಆನ್ ಮಾಡಿದೆ. ಎಷ್ಟು ಜಾಣೆ ನಾನು ಎಂದು ಕಿಟಕಿಯಾಚೆ ನೋಡಿ ಖುಷಿಪಟ್ಟದ್ದೂ ನೆನಪಿದೆ.

ಶನಿವಾರ ಬೆಳಿಗ್ಗೆ ಊರ ಮನೆಯ ಪಡಸಾಲೆಯಲ್ಲಿ ಅಪ್ಪ ಗೋಡೆಗೊರಗಿ, ತೊಡೆಯ ಮೇಲೆ ಕಂಬಳಿ ಹಾಕಿಕೊಂಡು ಕೂತ. ಸದ್ದು ಬರಬಾರದೆಂದು ನಾನು ಮನೆಯನ್ನೇ ತಲೆಕೆಳಗು ಮಾಡಿದ್ದೆ. ಅವ್ವನಿಗೆ ಒಲೆಯ ಹತ್ತಿರ ಹೋಗಬೇಡ ಎಂದೆ, ಅಂಗಳದ ಕೋಳಿಗಳನ್ನು ಓಡಿಸಿದೆ, ಬಾಗಿಲು ಕಿಟಕಿ ಮುಚ್ಚಿದೆ.

"ಹಿಮ್ಮೇಳ ಇಲ್ದ ಹೆಂಗ ಹಾಡ್ಲೆವಾ?" ಎಂದ ಅಪ್ಪ. ದನಿ ಸೀಳಿತ್ತು.

"ಹಾಡು ಯಪ್ಪಾ, ನಡಿತೈತಿ."

ಅವನು ನನ್ನನ್ನು ನೋಡಿದ. ಬಲಗಿವಿಗೆ ಕೈ ಒತ್ತಿಕೊಂಡ. ನಾನು ಗುಂಡಿ ಒತ್ತಿದೆ.

"ಹೊಳಿ ದಾಟಿದ ಕುರಿಮರಿ, ಹೊಳ್ಳಿ ನೋಡಿ ಒದರೀತ…"

ಒಡೆದ ದನಿಯಲ್ಲೂ ಆ ಸಾಲು ಎದ್ದು ನಿಂತಿತು. ಸಾಲು ಮುಗಿಸಿ ಅಪ್ಪ ಸುಮ್ಮನಾದ. ಕಣ್ಣು ಮುಚ್ಚಿ, ಕಂಬಳಿಯ ಮೇಲೆ ಬೆರಳಲ್ಲೇ ತಾಳ ಹಾಕುತ್ತ, ತುಟಿ ಅಲ್ಲಾಡಿಸುತ್ತ ಕೂತ. ಕಂಬಳಿಯ ಮೇಲೆ ಬೆರಳು ಸದ್ದು ಮಾಡಲಿಲ್ಲ. ಮುಂದಿನ ಸಾಲು ಮರೆತನೇ ಎಂದು ನನಗೆ ಗಾಬರಿ. ಅಷ್ಟರಲ್ಲಿ ಎರಡನೆಯ ಸಾಲು ಎತ್ತಿದ. ಮತ್ತೆ ಸುಮ್ಮನಾದ. ಪ್ರತಿ ಸಾಲಿಗೂ ಹೀಗೆ. ದಣಿವಾಗಿರಬೇಕು ಪಾಪ ಎಂದುಕೊಂಡೆ. ಹನ್ನೊಂದೂವರೆಯ ಬಸ್ಸು ತಪ್ಪುತ್ತದೆಂದು ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ. ಗಡಿಯಾರದ ಪ್ರಕಾರ ಅವನು ಹಾಡಿದ್ದು ಇಪ್ಪತ್ತು ನಿಮಿಷ. ಕೊನೆಗೆ ಅಪ್ಪ ಏನೋ ಹೇಳಿದ, ನಾನು ಏನೋ ಅಂದೆ, ನಿಲ್ಲಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಎಂಟು ನಿಮಿಷ ಎಂದು ತೋರಿಸುತ್ತಿತ್ತು. ಗಡಿಯಾರ ಕೆಟ್ಟಿರಬೇಕು ಅಂದುಕೊಂಡೆನೇ ಹೊರತು ಇನ್ನೊಂದು ಯೋಚನೆ ಬರಲಿಲ್ಲ.

"ಒಮ್ಮೆ ಕೇಳಸವಾ," ಎಂದ ಅಪ್ಪ.

ಮೊದಲ ಸಾಲು ಬಂದಿದೆಯೋ ಇಲ್ಲವೋ ಎಂದು ಕಿವಿಗಿಟ್ಟು ನೋಡಿದೆ. ಬಂದಿತ್ತು. "ಬಂದೈತಿ ಯಪ್ಪಾ. ಪೂರಾ ಆಮ್ಯಾಲ ಕೇಳೂಣಂತ" ಎಂದು ಪರ್ಸಿಗೆ ಹಾಕಿಕೊಂಡೆ. ಹೋಲ್ಡ್ ಸರಿಸುವುದನ್ನು ಮಾತ್ರ ಮರೆಯಲಿಲ್ಲ.

ಸೋಮವಾರ ಆಪರೇಷನ್ ಆಯಿತು. ಅಪ್ಪ ಉಳಿದ. ಗಂಟಲಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಅಪ್ಪ ಅವ್ವ ಇಬ್ಬರನ್ನೂ ವಿದ್ಯಾಗಿರಿಗೆ ಕರೆತಂದೆ. ಅಪ್ಪನಿಗೆ ಓದುಬರಹ ಬರುವುದಿಲ್ಲ, ಹಾಗಾಗಿ ಎಲ್ಲವೂ ಕೈಸನ್ನೆ. ಆ ಪ್ಲೇಯರನ್ನು ನಾನು ಅವನೆದುರಿಗೆ ಹೊರಗೇ ತೆಗೆಯಲಿಲ್ಲ. ದನಿ ಹೋದವನ ಮುಂದೆ ಅವನ ದನಿ ಹಚ್ಚುವ ಧೈರ್ಯ ನನಗಿರಲಿಲ್ಲ. ಹಾಡು ಹಾಕಿಕೊಂಡು ವಾಕಿಂಗ್ ಹೋಗುವಾಗಲೂ ರೆಕಾರ್ಡ್ ಇದ್ದ ಫೋಲ್ಡರಿಗೆ ಕೈ ಹಾಕುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕಾಕಾ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಗಂಟು. ಅಪ್ಪನ ಕೊರಳ ಬಟ್ಟೆ ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ಹತ್ತಿರ ಬಂದು ಅವನ ಬೆನ್ನಿಗೊಂದು ಗುದ್ದಿದ. "ಏನಲೇ, ಭಾಳ ಮಾತಾಡ್ತಿದ್ದಿ, ಈಗ ನನ್ನ ಮಾತ ಕೇಳ ಬಾ" ಎಂದ. ಅಪ್ಪ ಸದ್ದಿಲ್ಲದೆ ನಕ್ಕ. ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

ಪದ ರೆಕಾರ್ಡ್ ಮಾಡಿದ ಸಂಗತಿಯನ್ನು ಅವ್ವ ಹೇಳಿದಳು. ಕಾಕಾ ನನ್ನತ್ತ ತಿರುಗಿದ. "ಕುರಿಮರಿ ಪದಾ? ನಾ ಇಲ್ದ?" ಎಂದು ಅಪ್ಪನ ಮುಖ ನೋಡಿ, "ಹಾಂ, ಇರ್ಲಿ ಬಿಡು. ಅಂವ ನನಗ ಜಾಗ ಬಿಟ್ಟ ಹಾಡಿರ್ತಾನ. ಹಚ್ಚವಾ, ನಾ ಈಗ ತುಂಬ್ತೇನಿ" ಎಂದು ಗಂಟು ಬಿಚ್ಚಿ ಹಿತ್ತಾಳೆಯ ತಾಳ ತೆಗೆದ.

ಜಾಗ ಬಿಟ್ಟು! ಕಂಬಳಿಯ ಮೇಲೆ ಆಡಿದ ಅಪ್ಪನ ಬೆರಳು ನನಗೆ ಆಗ ನೆನಪಾಯಿತು. ಪ್ಲೇಯರನ್ನು ಸ್ಪೀಕರಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಅಪ್ಪನ ದನಿ ಕೋಣೆಯಲ್ಲೆದ್ದಿತು. ಅಪ್ಪ ತನ್ನ ಕೊರಳಿಗೆ ಕೈ ಇಟ್ಟುಕೊಂಡ. ಮೊದಲ ಸಾಲು ಮುಗಿಯಿತು. ಕಾಕಾ ಕಿವಿಗೆ ಕೈ ಒತ್ತಿ ಉಸಿರು ತುಂಬಿ "ಹೊಳ್ಳಿ…" ಎನ್ನುವಷ್ಟರಲ್ಲಿ ಎರಡನೆಯ ಸಾಲು ಅವನ ಮೇಲೆ ಬಿದ್ದಿತು. ಕಾಕಾ ತಡವರಿಸಿದ. ಮತ್ತೆ ಉಸಿರೆಳೆದ. ಮೂರನೆಯ ಸಾಲು ಬಂದೇಬಿಟ್ಟಿತು. ಪ್ರತಿ ಸಾಲಿನ ಮೊದಲ ಅಕ್ಷರವೂ ತುಸು ಕತ್ತರಿಸಿ ಹೋಗಿತ್ತು. ಅಪ್ಪ ಒಂದೇ ಉಸಿರಿನಲ್ಲಿ ಓಡುತ್ತಿದ್ದ.

"ನಿಂದರಸು, ನಿಂದರಸು," ಎಂದ ಕಾಕಾ. "ಇದೇನ ನಾಯಿ ಬೆನ್ನ ಹತ್ತಿದಂಗ ಓಡಾಕತ್ತೈತಿ? ನಿಮ್ಮಪ್ಪ ಜಲ್ಮದಾಗ ಹಿಂಗ ಹಾಡಿಲ್ಲ."

ಅಪ್ಪ ನನ್ನ ಕಡೆ ನೋಡಿ ಎರಡೂ ಅಂಗೈಗಳನ್ನು ಗೇಣಗಲ ದೂರ ಹಿಡಿದು ತೋರಿಸಿದ. ನಡುವೆ ಇಷ್ಟು ಜಾಗ ಬಿಟ್ಟಿದ್ದೆನಲ್ಲ, ಎಲ್ಲಿ ಹೋಯಿತು ಎಂದು ಕೇಳುವ ಹಾಗೆ.

ಕಪಾಟಿನಿಂದ ಡಬ್ಬಿ ತೆಗೆದೆ. ಬುಕ್ಕಿಗೆ ಹಚ್ಚಿದ್ದ ಟೇಪು ಕೂಡ ಹಾಗೇ ಇತ್ತು. ಹರಿದು, ನಿಂತಲ್ಲೇ ಓದಿದೆ. ವಾಯ್ಸ್ ಆ್ಯಕ್ಟಿವೇಟ್ ಆನ್ ಇದ್ದರೆ ಸದ್ದು ಇರುವಾಗ ಮಾತ್ರ ದಾಖಲಾಗುತ್ತದೆ, ಸದ್ದಿಲ್ಲದ ಹೊತ್ತನ್ನು ಯಂತ್ರ ಬಿಟ್ಟುಬಿಡುತ್ತದೆ, ಇದರಿಂದ ಜಾಗ ಉಳಿಯುತ್ತದೆ ಎಂದಿತ್ತು. ಜಾಗ ಉಳಿಯುತ್ತದಂತೆ! ಅವತ್ತು ಒಂದು ಕೋಳಿ ಕೂಗಿದ್ದರೂ, ಒಲೆಯ ಮೇಲೆ ಒಂದು ಕುಕ್ಕರ್ ಸಿಳ್ಳೆ ಹಾಕಿದ್ದರೂ ಆ ನೆಪದಲ್ಲಿ ಕಾಕಾನ ಜಾಗ ಅಷ್ಟಿಷ್ಟಾದರೂ ಉಳಿಯುತ್ತಿತ್ತು. ಎಲ್ಲವನ್ನೂ ಓಡಿಸಿದವಳು ನಾನೇ. ಇನ್ನೊಮ್ಮೆ ಹಾಡು ಎಂದು ಅಪ್ಪನಿಗೆ ಹೇಳುವ ಹಾಗಿರಲಿಲ್ಲ.

ಅಡುಗೆಮನೆಗೆ ಹೋಗಿ ಅತ್ತೆ. ಮುಖ ತೊಳೆದುಕೊಂಡು ಬಂದು ಇಬ್ಬರ ಮುಂದೆ ಎಲ್ಲವನ್ನೂ ಹೇಳಿದೆ. ಚೊಳಚಗುಡ್ಡದಿಂದ ಎದ್ದು ಬಂದದ್ದನ್ನೂ ಹೇಳಿದೆ. ಅಪ್ಪ ಅಂಗೈ ನೋಡಿಕೊಳ್ಳುತ್ತ ಕೂತ. ಕಾಕಾ ಪ್ಲೇಯರಿನ ಕಡೆ ಬೆರಳು ಮಾಡಿ ಕೇಳಿದ, "ಅದಕ್ಕ ನಿಂದ್ರಾಕ ಬರ್ತೈತಿಲ್ಲ?"

"ಬರ್ತೈತಿ ಕಾಕಾ. ಪಾಜ್ ಗುಂಡಿ ಐತಿ."

"ಮತ್ತ ನಿಂದರಸು. ಒಂದೊಂದ ಸಾಲಿಗೆ ನಿಂದರಸು. ಅಳೂದೇನ ಬಂತು?"

ಶುರು ಮಾಡಿದೆವು. ಅಪ್ಪನ ಸಾಲು ಮುಗಿದ ಕೂಡಲೇ ನಾನು ಗುಂಡಿ ಒತ್ತಿದೆ. ಕಾಕಾ ಸಾಲಿನ ಬಾಲ ಹಿಡಿದು ಎತ್ತಿದ, "ಹೊಳ್ಳಿ ನೋಡಿ ಒದರೀತ…" ಒಮ್ಮೆ ಹೊರಳಿಸಿ, ಎರಡನೆಯ ಸಲ ಎಳೆಯುತ್ತಿದ್ದಾಗ ನನ್ನ ಹೆಬ್ಬೆರಳು ತಾನಾಗಿಯೇ ಅಲ್ಲಾಡಿತು. ಆಯಿತಲ್ಲ, ಮುಂದಿನದು! ಅಪ್ಪನ ಕೈ ಥಟ್ಟನೆ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಆಪರೇಷನ್ ಆದವನ ಕೈಯಲ್ಲಿ ಅಷ್ಟು ಬಲವಿತ್ತೇ? ಕಾಕಾನ ದನಿಯ ಕೊನೆಯ ಎಳೆ ಗೋಡೆಗೆ ಮುಟ್ಟಿ ನಿಂತ ಮೇಲೆ ಹಿಡಿತ ಸಡಿಲಾಯಿತು. ಈಗ ಒತ್ತು ಎಂದು ಅರ್ಥ. ಪ್ರತಿ ಸಾಲಿಗೂ ಹಾಗೆಯೇ ಆಯಿತು. ಪ್ರತಿ ಸಾಲಿಗೂ ನನ್ನ ಬೆರಳು ಮೊದಲೇ ಅಲ್ಲಾಡುತ್ತಿತ್ತು, ಪ್ರತಿ ಸಾಲಿಗೂ ಅಪ್ಪ ಹಿಡಿಯುತ್ತಿದ್ದ.

ಕುರಿಮರಿ ಕೊನೆಗೂ ಈಚೆ ದಂಡೆಗೆ ಬಂದಿತು. ಪದ ಮುಗಿಯಿತು ಅಂದುಕೊಂಡೆ. ಆದರೆ ಯಂತ್ರ ಇನ್ನೂ ಓಡುತ್ತಿತ್ತು. ಸ್ಪೀಕರಿನಿಂದ ಅಪ್ಪನ ಮಾತು ಬಂತು, ಹಾಡಲ್ಲ, ಮಾತು.

"ಅಂವಗ ಜಾಗ ಬಿಟ್ಟೇನವಾ. ಅಂವ ಬಂದ ಮ್ಯಾಲ—"

ಅದರ ಬಾಲಕ್ಕೇ ನನ್ನ ದನಿ, ಚೂಪಾಗಿ, "ಆತಾತು ಯಪ್ಪಾ, ಬಸ್ಸೈತಿ!" ಆಮೇಲೆ ಟಕ್ ಎಂದು ನಿಂತಿತು.

ಅಪ್ಪ ಆಡಿದ್ದರಲ್ಲಿ ದನಿಯಾಗಿ ಉಳಿದ ಮಾತು ಅದೊಂದೇ, ಅದೂ ಅರ್ಧ. ಅರ್ಧಕ್ಕೆ ಕತ್ತರಿಸಿದ್ದು ಯಂತ್ರವಲ್ಲ. ಕಾಕಾ ತಾಳವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡಿದ.

ಅಪ್ಪ ಅಂಗೈ ಚಾಚಿದ. ನಾನು ಪ್ಲೇಯರನ್ನು ಅದರ ಮೇಲಿಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಾನು ಒತ್ತುತ್ತಿದ್ದ ಗುಂಡಿ ಯಾವುದೆಂದು ಕಣ್ಣಲ್ಲೇ ಕೇಳಿದ. ತೋರಿಸಿದೆ. ಮೊದಲಿನಿಂದ ಹಚ್ಚಿಕೊಟ್ಟೆ. ತನ್ನದೇ ಮೊದಲ ಸಾಲು ಮುಗಿದ ಕೂಡಲೇ ಅಪ್ಪ ಗುಂಡಿ ಒತ್ತಿ ನಿಲ್ಲಿಸಿದ. ಕಾಕಾ ಕಿವಿಗೆ ಕೈ ಒಯ್ಯಹೋದಾಗ ಅಪ್ಪ ಅವನಿಗೆ ಸುಮ್ಮನಿರು ಎಂದು ಕೈಮಾಡಿ, ನನ್ನ ಕಡೆ ಗದ್ದ ಎತ್ತಿದ.

"ನಾನಾ?" ಎಂದೆ. ಹಿಮ್ಮೇಳದಲ್ಲಿ ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ.

ಅಪ್ಪ ಮತ್ತೊಮ್ಮೆ ಗದ್ದ ಎತ್ತಿದ.

"ಹೊಳ್ಳಿ ನೋಡಿ ಒದರೀತ," ಎಂದು ಹಾಡಿದೆ. ಎರಡನೆಯ ಸಲವೂ ಹಾಡಿದೆ. ಮುಗಿಸಿದೆ. ಅಪ್ಪ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ, ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಮುಂದಿನ ಸಾಲಿಗೆ ಅವನು ಇನ್ನೂ ಒತ್ತಲಿಲ್ಲ. ನಾನು ಕಾದೆ.